ಒಡಪು ಹೇಳದವರಿಗೆ ದುಡ್ಡಿಲ್ಲ

ನಮ್ಮ ಎದುರು ಮನೆಯ ಕಲ್ಲವ್ವ ಗಂಡನ ಹೆಸರು ಹೇಳುವುದಿಲ್ಲ. ಡೊಂಬಿವಲಿ ಪೂರ್ವದ ನಮ್ಮ ಕಟ್ಟಡದಲ್ಲಿ ಇದು ಎಲ್ಲರಿಗೂ ಗೊತ್ತು. ಗ್ಯಾಸ್ ಸಿಲಿಂಡರ್ ತರುವವನು ಬಾಗಿಲಲ್ಲಿ ನಿಂತು "ಶಂಕರೆಪ್ಪ?" ಎಂದು ತಾನೇ ಕೇಳಿ, ಅವಳು ತಲೆಯಾಡಿಸಿದ ಮೇಲೆ ಸಿಲಿಂಡರ್ ಒಳಗಿಡುತ್ತಾನೆ. ನಮ್ಮ ಉಡುಪಿ ಕಡೆಯಲ್ಲೂ ಹಿಂದಿನ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ನಾನು ಹೇಳುತ್ತೇನೆ. ನನ್ನ ಗಂಡನ ಹೆಸರು ಶಂಭು, ಮಹಾಪೆಯಲ್ಲಿ ಕ್ಯಾಂಟೀನು ನಡೆಸುತ್ತಾರೆ. ಅವರ ಹೆಸರನ್ನು ನಾನು ಯಾವ ಯಾವ ಧ್ವನಿಯಲ್ಲಿ ಹೇಳುತ್ತೇನೆ ಎಂಬುದನ್ನು ಕಲ್ಲವ್ವ ತನ್ನ ಅಡುಗೆಮನೆಯಿಂದಲೇ ಕೇಳಿಸಿಕೊಂಡಿದ್ದಾಳೆ. ಅದರಿಂದ ಅವರ ಆಯುಸ್ಸು ಕಡಿಮೆಯಾದಂತೆ ಕಾಣಿಸುವುದಿಲ್ಲ. ತೂಕವಂತೂ ಕಡಿಮೆ ಆಗಿಲ್ಲ.

ಕಲ್ಲವ್ವನ ಊರು ಬಾಗಲಕೋಟೆಯ ಕಡೆ. ಎಂಬತ್ತರ ದಶಕದಲ್ಲಿ ಮದುವೆಯಾಗಿ ಇಲ್ಲಿಗೆ ಬಂದಳು. ಶಂಕರೆಪ್ಪನವರು ಅಂಬರನಾಥದಲ್ಲಿ ಪೈಪಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಮಾತು ಕಡಿಮೆ. ಕಡಿಮೆ ಎಂದರೆ, ಒಮ್ಮೆ ನಾನು ನಲ್ಲಿ ನಿಲ್ಲಿಸಲು ಮರೆತು ನೀರು ಬಾಗಿಲ ಸಂದಿಯಿಂದ ಹೊರಗೆ ಹರಿಯುತ್ತಿದ್ದಾಗ, ಅವರು ನಮ್ಮ ಬೆಲ್ ಒತ್ತಿ, ನಾನು ಬಾಗಿಲು ತೆರೆದ ಮೇಲೆ ನೆಲದ ಕಡೆಗೆ ಬೆರಳು ತೋರಿಸಿ ಕೆಲಸಕ್ಕೆ ಹೊರಟುಹೋದರು. ಹೆಂಡತಿಯನ್ನು ಕರೆಯಲು ಅವರಲ್ಲಿ ಇದ್ದದ್ದು ಒಂದೇ ಅಕ್ಷರ. "ಏ."

ಅವರ ಕಡೆ ಗಂಡಹೆಂಡಿರು ಒಬ್ಬರ ಹೆಸರನ್ನೊಬ್ಬರು ಹೇಳಲೇಬೇಕಾಗಿ ಬಂದರೆ ಪ್ರಾಸ ಕೂಡಿಸಿ, ಎರಡು ಸಾಲು ಕಟ್ಟಿ, ಆ ಸಾಲಿನೊಳಗೆ ಹೆಸರನ್ನು ಸೇರಿಸಿ ಹೇಳುತ್ತಾರೆ. ಅದು ಒಡಪು. ಇಲ್ಲಿನ ಮರಾಠಿಯವರಲ್ಲೂ ಉಂಟು, ಅವರು ಉಖಾಣಾ ಎನ್ನುತ್ತಾರೆ. ಮದುವೆ ಮುಗಿಸಿ ಬಂದ ಗಂಡುಹೆಣ್ಣನ್ನು ಬಾಗಿಲಲ್ಲೇ ತಡೆದು, ಇಬ್ಬರೂ ಒಡಪು ಹೇಳದೆ ಒಳಗೆ ಬಿಡುವುದಿಲ್ಲ. ಕಲ್ಲವ್ವ ಹೇಳಿದಳಂತೆ. ಶಂಕರೆಪ್ಪನವರು ಹೇಳಲಿಲ್ಲ. ನಾದಿನಿಯರು ಗೋಗರೆದರು, ಬೈದರು, ಬಾಗಿಲಿಗೆ ಅಡ್ಡ ಕೂತರು. ಇವರು ಹೊಸ್ತಿಲ ಹೊರಗೆ ಕಂಬದಂತೆ ನಿಂತೇ ಇದ್ದರು. ಕೊನೆಗೆ ಅವರ ತಾಯಿ, ಮಾಡಿದ ಅಡುಗೆ ಆರಿ ತಣ್ಣಗಾಗುತ್ತದೆ ಎಂದು ಇಬ್ಬರನ್ನೂ ಒಳಗೆ ಬಿಟ್ಟರು.

"ನನ್ನ ಹೆಸರ ಹೇಳದ ಒಳಗ ಬಂದಾರ್ರೀ ಅಕ್ಕಾರ," ಎನ್ನುತ್ತಿದ್ದಳು ಕಲ್ಲವ್ವ, ನಾವಿಬ್ಬರೂ ಕೂತು ಬಟಾಣಿ ಸುಲಿಯುವಾಗ. "ಇನ್ನೂತನಕ ಹೇಳಿಲ್ಲ." ಮಿಕ್ಸರ್ ಕೆಟ್ಟಿದೆ ಎನ್ನುವ ಧ್ವನಿಯಲ್ಲೇ ಇದನ್ನೂ ಹೇಳುತ್ತಿದ್ದಳು.

ಆದರೆ ಹೆಸರು ಹೇಳದ ಆ ಮನುಷ್ಯ ಪಗಾರವನ್ನು ತಂದು ಅವಳ ಕೈಗೇ ಕೊಡುತ್ತಿದ್ದರು. ಕಪಾಟಿನ ಕೀಲಿಕೈ ಅವಳ ಸೊಂಟದಲ್ಲಿ. ರೈಲಿನ ಪಾಸಿಗೆ ಬೇಕಾದ ಹಣವನ್ನೂ ಅವಳೇ ಎಣಿಸಿ ಕೊಡಬೇಕು. ಮುಂದೆ ಬ್ಯಾಂಕಿನ ಕಾರ್ಡು ಬಂದಾಗ ಅದೂ ಅದೇ ಕಪಾಟಿಗೆ ಹೋಯಿತು. ಖಾತೆ, ಕಾರ್ಡು ಅವರ ಹೆಸರಿನಲ್ಲಿ, ಯಜಮಾನಿಕೆ ಇವಳದು. ಗಂಡ ತನ್ನ ಹೆಸರು ಕರೆಯದಿದ್ದರೂ ಕೀಲಿಕೈ ಕೊಟ್ಟಿದ್ದಾರೆ ಎಂಬುದೇ ಅವಳ ಹೆಮ್ಮೆಯಾಗಿತ್ತು. ನನಗೆ ಆ ಹೆಮ್ಮೆ ನೋಡಿ ಹೊಟ್ಟೆಕಿಚ್ಚಾದದ್ದೂ ಉಂಟು. ಶಂಭು ನನ್ನ ಹೆಸರನ್ನು ದಿನವಿಡೀ ಕರೆಯುತ್ತಾರೆ, ಗಲ್ಲಾಪೆಟ್ಟಿಗೆಯ ಕೀಲಿ ಮಾತ್ರ ತೋರಿಸಿದವರಲ್ಲ.

ಮಗಳು ಶೈಲಶ್ರೀ ಕಾಲೇಜಿಗೆ ಸೇರಿದ ಮೇಲೆ ಕಲ್ಲವ್ವ ಜೋಳದ ರೊಟ್ಟಿ ಮಾಡಿ ಮಾರತೊಡಗಿದಳು. ಕಲ್ಯಾಣ, ಅಂಬರನಾಥದಲ್ಲಿ ಕೋಣೆ ಮಾಡಿಕೊಂಡಿದ್ದ ಅವರ ಕಡೆಯ ಹುಡುಗರು ಗಿರಾಕಿಗಳು. ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಮೆಣಸಿನಕಾಯಿ ಚಟ್ನಿ. ಹಿಟ್ಟು ಬೀಸಿಸಲು ಕೆಳಗಿನ ಗಿರಣಿಗೆ ಹೋದರೆ ಅವನು ಗೋಧಿ ಬೀಸಿದ ಕಲ್ಲಿಗೇ ಜೋಳ ಹಾಕುತ್ತಾನೆ, ರೊಟ್ಟಿ ಹರಿಯುತ್ತದೆ ಎಂದು ಅವಳ ದೂರು. ಮನೆಯಲ್ಲೇ ಹಿಟ್ಟು ಬೀಸುವ ಯಂತ್ರವೊಂದು ಬರುತ್ತದೆ, ಇಲ್ಲಿ ಅದಕ್ಕೆ ಘರಘಂಟಿ ಎನ್ನುತ್ತಾರೆ. ಅದನ್ನು ಕೊಳ್ಳಬೇಕೆಂದು ರೊಟ್ಟಿಯ ದುಡ್ಡನ್ನು ಗಂಡನ ಖಾತೆಯಲ್ಲಿ ಕೂಡಿಸುತ್ತ ಬಂದಳು.

ಎರಡು ಸಾವಿರದ ಹದಿನಾಲ್ಕರಲ್ಲಿ ಆ ಫೋನು ಬಂತು. ಬ್ಯಾಂಕಿನಿಂದ ಎಂದ. ಒಳ್ಳೆಯ ಹಿಂದಿ, ಮಾತಿಗೊಮ್ಮೆ "ಮಾತಾಜಿ". ಕಾರ್ಡು ಸಂಜೆಗೆ ಬಂದ್ ಆಗುತ್ತದೆ, ಈಗಲೇ ಸರಿ ಮಾಡಿಕೊಡುತ್ತೇನೆ, ಕಾರ್ಡಿನ ಮೇಲಿರುವ ಹೆಸರು ಹೇಳಿ ಎಂದ.

"ನಾಮ್ ನಹೀ ಬೋಲ್ತಿ ಮೈ," ಎಂದಳು ಕಲ್ಲವ್ವ.

"ಕ್ಯೂಂ ಮಾತಾಜಿ?"

"ಪತಿ ಕಾ ನಾಮ್ ಹೈ."

ಕಳ್ಳನಿಗೆ ಇಂಥದ್ದು ಹೊಸತಾಗಿರಬೇಕು. ಅವನು ಒಂದೊಂದೇ ಅಕ್ಷರ ಬಿಡಿಸಿ ಹೇಳಲು ಕೇಳಿದ. ಬಿಡಿಸಿ ಹೇಳಿದರೂ ಹೇಳಿದಂತೆಯೇ ಎಂದಳು ಇವಳು. ಮನೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದ. ಯಾರೂ ಇರಲಿಲ್ಲ. ಅಲ್ಲಿಗೆ ಅವನು ಫೋನು ಇಡಬಹುದಿತ್ತು. ಎಷ್ಟೋ ಕಳ್ಳರು ಇಟ್ಟೇ ಇಡುತ್ತಿದ್ದರು. ಕೆಲಸ ನಿಂತುಹೋಗುತ್ತದಲ್ಲ ಎಂದು ಪಾಪ ಅನ್ನಿಸಿ, ದಾರಿ ತೋರಿಸಿದವಳು ಕಲ್ಲವ್ವನೇ. ಗಿರಾಕಿಗಳಿಗೆ ರೊಟ್ಟಿಯ ಫೋಟೋ ಕಳಿಸಲು ಶೈಲಶ್ರೀ ಅವಳಿಗೆ ವಾಟ್ಸಾಪ್ ಕಲಿಸಿದ್ದಳು.

"ನಾನಽ ಹೇಳಿದ್ನಿರೀ," ಎಂದು ಆಮೇಲೆ ನನ್ನೆದುರು ಅಳುತ್ತ ಹೇಳಿದಳು. "ಕಾರ್ಡಿಂದು ಫೋಟೋ ಹೊಡದು ಕಳಸ್ತೀನಿ, ಹೆಸರ ನೀವಽ ಓದಕೋರಿ ಅಂದ್ನಿ."

ಮೊದಲ ಫೋಟೋ ಮಸುಕಾಗಿ ಬಂದಿತ್ತಂತೆ. ಕಿಟಕಿಯ ಬಳಿ ಬೆಳಕಿಗೆ ಹಿಡಿದು ಇನ್ನೊಂದು ತೆಗೆದಳು. ಅವನು ಹಿಂಬದಿಯದ್ದೂ ಕೇಳಿದ. ಅದನ್ನೂ ಕಳಿಸಿದಳು. ಆಮೇಲೆ ಶಂಕರೆಪ್ಪನವರ ಹಳೆಯ ಫೋನಿಗೆ, ಅವರು ಅದನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದರು, ಒಂದು ನಂಬರು ಬಂತು. ಏನು ಬಂದಿದೆ ಓದಿ ಎಂದ. ಓದಿದಳು.

"ಅದು ಬರೀ ನಂಬರ ಇತ್ರಿ ಅಕ್ಕಾರ. ಹೆಸರ ಇರ್ಲಿಲ್ಲ."

ಘರಘಂಟಿಯ ದುಡ್ಡೆಲ್ಲ ಹೋಯಿತು. ಜೊತೆಗೆ ಆ ತಿಂಗಳ ಪಗಾರವೂ ಹೋಯಿತು. ನನಗೆ ಕಳ್ಳನ ಮೇಲೆ ಬಂದಷ್ಟೇ ಸಿಟ್ಟು ಇವಳ ಮೇಲೂ ಬಂತು. "ಎಂತ ಮಾರಾಯ್ತಿ, ಗಂಡನ ಹೆಸರು ಹೇಳ್ಲಿಕ್ಕೆ ನಾಚಿಕೆ, ಗಂಡನ ಗಂಟು ಕೊಡ್ಲಿಕ್ಕೆ ನಾಚಿಕೆ ಇಲ್ವಾ?" ಎಂದುಬಿಟ್ಟೆ. ಅವಳು ಇನ್ನೂ ಜೋರಾಗಿ ಅತ್ತಳು.

ಬ್ಯಾಂಕಿಗೆ ಹೇಳಿ ಕಾರ್ಡು ನಿಲ್ಲಿಸಿ, ಆಮೇಲೆ ಪೊಲೀಸ್ ಠಾಣೆಗೆ ಹೋದೆವು. ನನಗೆ ಮರಾಠಿ ಚೆನ್ನಾಗಿ ಬರುತ್ತದೆಂದು ನನ್ನನ್ನೂ ಕರೆದುಕೊಂಡು ಹೋಗಿದ್ದರು. ದೂರು ಬರೆದುಕೊಳ್ಳುತ್ತಿದ್ದ ಹೆಂಗಸು ನಡೆದದ್ದನ್ನೆಲ್ಲ ಕಲ್ಲವ್ವನ ಬಾಯಿಂದಲೇ ಕೇಳಿ, ಕೊನೆಗೆ ಖಾತೆ ಯಾರ ಹೆಸರಿನಲ್ಲಿದೆ ಎಂದಳು. ಕಲ್ಲವ್ವ ಗಂಡನ ಮುಖ ನೋಡಿದಳು. ಶಂಕರೆಪ್ಪನವರು ಗೋಡೆಯ ಮೇಲೆ ಅಂಟಿಸಿದ್ದ, ಕಾಣೆಯಾದವರ ಚಿತ್ರಗಳನ್ನು ನೋಡುತ್ತ ನಿಂತಿದ್ದರು. ಹೇಳಿದರೆ ಅವರೇ ಹೇಳಬಹುದಿತ್ತು, ಅವರದೇ ಹೆಸರು. ಸಿಟ್ಟಿನಲ್ಲಿ ಬಾಯಿ ಬಿಡಲಿಲ್ಲ. ನಾನು ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಕಲ್ಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ತಲೆ ಮೇಲೆ ಸೆರಗು ಎಳೆದುಕೊಂಡು ಶುರು ಮಾಡಿಯೇಬಿಟ್ಟಳು.

"ಕಲ್ಯಾಣ ಟೇಸನ್ದಾಗ ಗಾಡಿ ನಿಂತಾವ ಸಾಲ, ಶಂಕರೆಪ್ಪ ಬರೂ ಹೊತ್ತಾತು, ಒಲಿ ಮ್ಯಾಲ ಇಟ್ಟೀನಿ ಹಾಲ."

ಠಾಣೆಯಲ್ಲಿ ಯಾರೂ ನಗಲಿಲ್ಲ. ಬರೆಯುತ್ತಿದ್ದ ಹೆಂಗಸಿಗೆ ಕನ್ನಡ ಬಾರದು, ಆದರೆ ಏನು ನಡೆಯಿತೆಂದು ತಕ್ಷಣ ಅರ್ಥವಾಯಿತು; ಅವಳೂ ಎಷ್ಟೋ ಬಾಗಿಲಲ್ಲಿ ನಿಂತು ಉಖಾಣಾ ಹೇಳಿದವಳೇ. ಸಾಲಿನ ನಡುವಿನಿಂದ ಹೆಸರನ್ನು ಹೆಕ್ಕಿಕೊಂಡು ಬರೆದಳು. ಹೊರಡುವಾಗ ಕಲ್ಲವ್ವನ ಕೈ ಹಿಡಿದು "ಆಧೀ ಓಳಖಾ, ಮಗ ಪೈಸೆ ದ್ಯಾ" ಎಂದಳು. ಮೊದಲು ಗುರುತು ಹಿಡಿ, ಆಮೇಲೆ ದುಡ್ಡು ಕೊಡು ಎಂದು. ದುಡ್ಡು ವಾಪಸು ಬರಲಿಲ್ಲ. ಠಾಣೆಯಿಂದ ನಮಗೆ ದಕ್ಕಿದ್ದು ಅಷ್ಟು ಮಾತು.

ಹೊಸ ಕಾರ್ಡು ಬಂದ ದಿನ ಶಂಕರೆಪ್ಪನವರು ಅದನ್ನು ಕಪಾಟಿಗೆ ಇಡಲಿಲ್ಲ. ತಮ್ಮ ಅಂಗಿಯ ಕಿಸೆಗೆ ಹಾಕಿಕೊಂಡರು. ಬೈಯಲಿಲ್ಲ. ಅಂದಿನಿಂದ ತಿಂಗಳ ಖರ್ಚಿನ ಹಣವನ್ನು ಅವರೇ ತಂದು, ಎಣಿಸಿ, ಒಲೆಯ ಪಕ್ಕದ ಕಟ್ಟೆಯ ಮೇಲೆ ಇಡತೊಡಗಿದರು. ಕೀಲಿಕೈ ಕಲ್ಲವ್ವನ ಸೊಂಟದಲ್ಲೇ ಉಳಿಯಿತು. ಕಪಾಟಿನೊಳಗೆ ಸೀರೆಗಳಿದ್ದವು.

ಅವಳಿಗೆ ಹೋದ ದುಡ್ಡಿಗಿಂತ ಅದು ಹೆಚ್ಚು ನೋವಾಯಿತು. "ಬೈದಿದ್ರ ಛಲೋ ಇತ್ತರಿ," ಎಂದಳು ನನ್ನ ಬಳಿ. "ಕಾರ್ಡ ಒಯ್ದು ಕಿಸೆದಾಗ ಇಟ್ಟಾರ. ಮನಿಯಾಗ ನಾನಽ ಕಳ್ಳಿ ಆದಂಗಾತು." ಶಂಕರೆಪ್ಪನವರನ್ನು ಕಂಡರೆ ನನಗೆ ಆಗ ಮೈ ಉರಿಯುತ್ತಿತ್ತು. ಹೆಸರಂತೂ ಕೊಟ್ಟವರಲ್ಲ, ಕೊಟ್ಟದ್ದು ಒಂದು ಕೀಲಿಕೈ, ಅದನ್ನೂ ಬರಿದು ಮಾಡಿದರು.

ಕೆಲವು ದಿನ ಅತ್ತು ಕಲ್ಲವ್ವ ಯೋಚನೆಗೆ ಬಿದ್ದಳು. ರೊಟ್ಟಿ ಬಡಿಯುವಾಗ ಅವಳಿಗೆ ಯೋಚನೆ ಚೆನ್ನಾಗಿ ಬರುತ್ತದೆ. ಆ ದಿನಗಳಲ್ಲಿ ರೊಟ್ಟಿ ಬಹಳ ತೆಳ್ಳಗೆ ಬಂದವು. "ಆ ಕಳ್ಳ ನನ್ನ ಕಡಿಂದ ಎಲ್ಲಾ ಹೇಳಿಸಿದ," ಎಂದಳು ಒಂದು ಮಧ್ಯಾಹ್ನ. "ನಾ ಅವನ ಕಡಿಂದ ಏನೂ ಹೇಳಿಸಲಿಲ್ಲ. ಅಲ್ಲೇ ತಪ್ಪಿದ್ದು." ಪೊಲೀಸ್ ಹೆಂಗಸಿನ ಮಾತನ್ನೂ ಇದನ್ನೂ ಕೂಡಿಸಿ ಒಂದು ಕಾನೂನು ಮಾಡಿದಳು. ಬ್ಯಾಂಕಿನಿಂದ ಬರುವ ನಂಬರನ್ನು ಸಾಕ್ಷಾತ್ ಬಸವಣ್ಣ ಕೇಳಿದರೂ ಹೇಳುವುದಿಲ್ಲ. ಇನ್ನು ನೆಂಟರಿಷ್ಟರು ಯಾರೇ ಫೋನಿನಲ್ಲಿ ದುಡ್ಡು ಕೇಳಿದರೂ ಮೊದಲು ಒಡಪು ಹೇಳಬೇಕು. ಮದುವೆಯಾದವರು ಗಂಡನದೋ ಹೆಂಡತಿಯದೋ ಹೆಸರಿಟ್ಟು, ಆಗದವರು ತಾಯಿಯ ಹೆಸರಿಟ್ಟು. ಒಡಪು ಹೇಳದವರಿಗೆ ದುಡ್ಡಿಲ್ಲ. ಇದನ್ನು ತಾನೇ ಬಾಯಲ್ಲಿ ಹೇಳಿ, ರೆಕಾರ್ಡ್ ಮಾಡಿ, ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದಳು. ಗುಂಪಿನಲ್ಲಿ ಎಲ್ಲರೂ ನಗುವ ಮುಖ ಕಳಿಸಿದರು.

"ಇದೇನ ಮದಿವಿ ಮನಿ ಏನು?" ಎಂದರು ಶಂಕರೆಪ್ಪನವರು. ಆ ವರ್ಷ ಅವರು ಆಡಿದ ಉದ್ದದ ಮಾತುಗಳಲ್ಲಿ ಅದೊಂದು.

ಶೈಲಶ್ರೀ ತಾಯಿಗೆ ಅವಳದೇ ಹೆಸರಿನಲ್ಲಿ ಖಾತೆ ಮಾಡಿಸಿದಳು. ರೊಟ್ಟಿಯ ದುಡ್ಡು ಅಲ್ಲಿಗೆ ಬೀಳತೊಡಗಿತು. ಫೋನಿನಲ್ಲೇ ಹಣ ಕೊಡುವ ಆ್ಯಪ್ ಬಂದಾಗ ಅದನ್ನೂ ಹಾಕಿಕೊಟ್ಟು, ಮದುವೆಯಾಗಿ ಪುಣೆಗೆ ಹೋದಳು. ಕೊನೆಗೂ ಘರಘಂಟಿ ಬಂತು. ಅಷ್ಟರಲ್ಲಿ ನಿವೃತ್ತರಾಗಿದ್ದ ಶಂಕರೆಪ್ಪನವರು ಪ್ಲಗ್ಗು ತಾವೇ ಕೂಡಿಸಿ, ಜೋಳ ಹಾಕಿ, ಮೊದಲ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ ತಲೆಯಾಡಿಸಿದರು. ರೊಟ್ಟಿಯ ಪೊಟ್ಟಣಗಳಿಗೆ ಕಲ್ಲವ್ವನ ಫೋನ್ ನಂಬರಿನ ಚೀಟಿ ಅಂಟಿಸುವ ಕೆಲಸವನ್ನು ಯಾರೂ ಹೇಳದೆಯೇ ವಹಿಸಿಕೊಂಡರು. ಆದರೆ ಕಾರ್ಡು ಅವರ ಕಿಸೆಯಲ್ಲೇ ಇತ್ತು.

ಒಡಪಿನ ಕಾನೂನು ಮೊದಲು ಬಡಿದದ್ದು ಅಂಬಾರಾಯನಿಗೆ. ಅವನು ಶಂಕರೆಪ್ಪನವರ ತಮ್ಮನ ಮಗ, ಕಲ್ಯಾಣದಲ್ಲಿ ಮನೆ. ಇಲ್ಲಿಯೇ ಹುಟ್ಟಿ ಬೆಳೆದವನು. ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುತ್ತಾನೆ. ಒಂದು ಸಲ ಶಿಳ್ ಫಾಟಾದ ಪೆಟ್ರೋಲ್ ಪಂಪಿನಲ್ಲಿ ಪೆಟ್ರೋಲ್ ಹಾಕಿಸಿದ ಮೇಲೆ ಪಾಕೀಟು ಮನೆಯಲ್ಲೇ ಉಳಿದದ್ದು ಗೊತ್ತಾಗಿ ಇವಳಿಗೆ ಫೋನು ಮಾಡಿದ. ಕಲ್ಲವ್ವ ಒಡಪು ಕೇಳಿದಳು. "ಕಾಕೂ, ಮಾಗೇ ಲೈನ್ ಆಹೇ," ಹಿಂದೆ ಸಾಲು ನಿಂತಿದೆ ಎಂದು ಅಂಗಲಾಚಿದ. ಹಿಂದಿನವರು ಹಾರ್ನ್ ಒತ್ತುವುದು ಫೋನಿನಲ್ಲೇ ಕೇಳುತ್ತಿತ್ತು. ಕಲ್ಲವ್ವ ಕಾದಳು. ಕೊನೆಗೆ ಅವನು, "ಶಿಳ್ ಫಾಟ್ಯಾವರ್ ಟ್ರಾಫಿಕ್ ಜಾಮ್, ಪ್ರಣೀತಾಚಾ ನವರಾ ಮೀ, ಕಾಕೂ ರಾಮ್ ರಾಮ್" ಎಂದ. ಪ್ರಣೀತಾಳ ಗಂಡ ನಾನು ಎಂಬುದಕ್ಕೆ ಪೆಟ್ರೋಲ್ ಪಂಪೇ ಸಾಕ್ಷಿಯಾಯಿತು. ಕಲ್ಲವ್ವ ದುಡ್ಡು ಕಳಿಸಿದಳು. ಮರಾಠಿ ಒಡಪು ನಡೆಯುತ್ತದೆಯೇ ಎಂದು ಕೇಳಿದೆ. "ಭಾಷಿ ಯಾವುದರ ಇರ್ಲಿ ಅಕ್ಕಾರ, ಹೆಂಡತಿ ಹೆಸರ ಖರೆ ಇರಬೇಕು," ಎಂದಳು.

ಮುಂದೆ ಅದೇ ಅಂಬಾರಾಯನ ಹೆಸರಿನಲ್ಲಿ, ಅವನ ಫೋಟೋ ಇಟ್ಟುಕೊಂಡು, ಯಾವುದೋ ನಂಬರಿನಿಂದ ಸಂದೇಶ ಬಂತು. ಆಸ್ಪತ್ರೆ, ಅವಸರ, ಈ ಖಾತೆಗೆ ಹಾಕಿ, ಸಂಜೆ ವಾಪಸು. ಕಲ್ಲವ್ವ ಒಡಪು ಹೇಳು ಎಂದಳು. ಎರಡು ಪ್ರಶ್ನೆ ಚಿಹ್ನೆ ಬಂದವು. ಒಡಪು ತಿಳಿಯದಿದ್ದರೆ ಉಖಾಣಾ ಹೇಳು ಎಂದು ಅವಳೇ ದಯೆ ತೋರಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಉಖಾಣಾ ಬಂತು. ಎಲ್ಲಿಂದಲೋ ಎತ್ತಿ ಹಾಕಿದ್ದು. ಗುಲಾಬಿ ಹೂವು, ಬೆಳ್ಳಿ ತಾಟು, ಜಿಲೇಬಿ ಎಲ್ಲ ಇದ್ದವು. ಹೆಂಡತಿಯ ಹೆಸರು ಇರಬೇಕಾದಲ್ಲಿ ಮೂರು ಚುಕ್ಕಿಗಳಿದ್ದವು. ಆ ಕಳ್ಳ ಚುಕ್ಕಿ ತುಂಬುವುದನ್ನೂ ಮರೆತಿದ್ದ. ಅವನ ದುಡಿಮೆ ನೋಡಿ ನನಗೆ ಕನಿಕರವೇ ಆಯಿತು.

ಅಂದು ಸಂಜೆ ಕಲ್ಲವ್ವ ಅದನ್ನು ಗಂಡನಿಗೆ ತೋರಿಸಿ ಕಾದಳು. ಬಾಯಿ ಬಿಟ್ಟು ಕೇಳಲಿಲ್ಲ, ಆದರೆ ಅವಳ ಕಣ್ಣು ಅವರ ಕಿಸೆಯ ಮೇಲಿತ್ತು. ಅವರು ಓದಿ ಫೋನು ವಾಪಸು ಕೊಟ್ಟು, "ಒಬ್ಬ ಕಳ್ಳನ್ನ ಹಿಡದ್ರ ಫೌಜದಾರ ಆಗಂಗಿಲ್ಲ," ಎಂದರು.

ಇದಾದ ಮರುವರ್ಷ, ಎರಡು ಸಾವಿರದ ಹತ್ತೊಂಬತ್ತರಲ್ಲಿ, ಶಂಕರೆಪ್ಪನವರು ಹಲ್ಲಿನ ಸೆಟ್ ಸಡಿಲವಾಗಿದೆ ಎಂದು ಠಾಣೆ ನಗರದ ನೌಪಾಡಾದ ದಂತವೈದ್ಯರ ಬಳಿಗೆ ಹೋದರು. ಆ ಬೆಳಿಗ್ಗೆ ನಾನು ಕಲ್ಲವ್ವನ ಅಡುಗೆಮನೆಯಲ್ಲಿ ಕೂತಿದ್ದೆ. ಘರಘಂಟಿ ಗರಗರ ಎನ್ನುತ್ತಿತ್ತು. ಗುರುತಿಲ್ಲದ ನಂಬರಿನಿಂದ ಫೋನು ಬಂತು. ಕೈಯಲ್ಲಿ ಹಿಟ್ಟು ಇದ್ದುದರಿಂದ ಮೊಣಕೈಯಿಂದ ಯಂತ್ರ ನಿಲ್ಲಿಸಿ, ಬೆರಳ ತುದಿಯಿಂದ ಸ್ಪೀಕರಿಗೆ ಹಾಕಿದಳು.

ಯಾರೋ ಗಂಡಸು, ಹಿಂದಿ. ನಿಮ್ಮ ಮನೆಯ ಬಾಬಾ ಸ್ಟೇಷನ್ನಿನ ಮೆಟ್ಟಿಲಲ್ಲಿ ಬಿದ್ದಿದ್ದಾರೆ, ಆಸ್ಪತ್ರೆಗೆ ತಂದಿದ್ದೇನೆ, ಕೈ ಮುರಿದಂತಿದೆ, ಅವರ ಫೋನು, ಪಾಕೀಟು ಯಾವುದೂ ಇಲ್ಲ, ಡಿಪಾಜಿಟ್ ಕಟ್ಟಬೇಕಂತೆ, ನನ್ನ ಈ ನಂಬರಿಗೇ ಕಳಿಸಿ ಎಂದ.

ಇದೇ ಮಾತು, ಇದೇ ಅವಸರ. ಹಿಂದಿನ ತಿಂಗಳಷ್ಟೇ ನಮ್ಮ ಕೆಳಗಿನ ಮನೆಯವರು ಇಂಥದೇ ಫೋನಿಗೆ ದುಡ್ಡು ಕಳಿಸಿ, ಆಸ್ಪತ್ರೆಗೆ ಓಡಿ ಹೋಗಿ ನೋಡಿದರೆ, ಬಿದ್ದಿದ್ದಾನೆ ಎನ್ನಲಾದ ಮಗ ಆಫೀಸಿನಲ್ಲಿ ಚಹಾ ಕುಡಿಯುತ್ತಿದ್ದ. ಕಲ್ಲವ್ವ ನನ್ನ ಫೋನಿನಿಂದ ಗಂಡನ ನಂಬರಿಗೆ ಕರೆ ಮಾಡಿದಳು. ಸ್ವಿಚ್ ಆಫ್. ಅವಳ ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತು. ಅವಳು ನೆಲದ ಮೇಲೆ ಕುಸಿದು ಕೂತಳು.

"ಕಳಿಸಿ ಬಿಡು ಮಾರಾಯ್ತಿ," ಎಂದೆ ನಾನು. "ನಿಜ ಇದ್ರೆ ಎಂತ ಮಾಡುದು? ದುಡ್ಡು ಹೋದ್ರೆ ಹೋಯ್ತು."

"ನಿಜ ಇದ್ರ ಅವರು ಅಲ್ಲೇ ಇರತಾರಲ್ರಿ," ಎಂದಳು. ಫೋನಿಗೆ, "ಉನಕೋ ಫೋನ್ ದೋ" ಎಂದಳು, ಅವರ ಕೈಗೇ ಕೊಡು ಎಂದು.

ಫೋನಿನಲ್ಲಿ ಗರಗರ ಸದ್ದು, ಯಾರ ಯಾರದೋ ಮಾತು. ಆಮೇಲೆ ಒಬ್ಬ ಮುದುಕನ ಧ್ವನಿ, "ಏ," ಎಂದಿತು.

ಆ ಧ್ವನಿ ಶಂಕರೆಪ್ಪನವರದು ಎಂದು ನಾನು ಆಣೆ ಮಾಡಿ ಹೇಳುವಂತಿರಲಿಲ್ಲ. ಗಾಳಿಯೇ ಹೆಚ್ಚು, ಶಬ್ದ ಕಡಿಮೆ. ಬಿದ್ದಾಗ ಹೊಸದಾಗಿ ಬಿಗಿ ಮಾಡಿಸಿದ್ದ ಹಲ್ಲಿನ ಸೆಟ್ ಮೆಟ್ಟಿಲ ಮೇಲೆ ಬಿದ್ದು ಚೂರಾಗಿತ್ತು ಎಂಬುದು ನಮಗೆ ಗೊತ್ತಾದದ್ದು ಆಮೇಲೆ.

"ಯಾರು?" ಎಂದಳು ಕಲ್ಲವ್ವ.

"ನಾನು."

"ನಾನು ಅಂದ್ರ?"

"ನಾನು ಅಂದ್ರ ನಾನಽ. ಶಂಕರೆಪ್ಪ. ರೊಕ್ಕ ಕಳಸು."

"ಆ ಹೆಸರ ಕಾರ್ಡಿನ ಮ್ಯಾಲೂ ಐತಿ. ಕಾರ್ಡ ಕದ್ದಾಂವಾ ಓದಿ ಹೇಳಬಹುದು." ಕಲ್ಲವ್ವ ಕಣ್ಣು ಮುಚ್ಚಿಕೊಂಡಳು. "ಒಡಪ ಹೇಳ್ರಿ."

ಆ ಕಡೆ ಏನೂ ಕೇಳಿಸಲಿಲ್ಲ. ಹೊಸ್ತಿಲ ಹೊರಗೆ ನಿಂತ ಆ ಮದುವೆಯ ಗಂಡು ಅಲ್ಲಿಯೂ ಹಾಗೆಯೇ ನಿಂತಿದ್ದಾನೆ ಎಂದು ನನಗನ್ನಿಸಿತು. ಇತ್ತ ಇವಳಿಗೂ ಗೊತ್ತಿತ್ತು: ಇವರು ಹೇಳುವವರಲ್ಲ. ಮೌನವಾಗಿದ್ದರೆ ಗಂಡ ಎಂದು ನಂಬಬೇಕೋ, ಕಳ್ಳ ಎಂದು ತಿಳಿಯಬೇಕೋ? ಕಲ್ಲವ್ವನ ಕೆನ್ನೆಯ ಮೇಲೆ ನೀರು ಇಳಿಯಿತು. ಫೋನು ಕೆಳಗಿಡಲಿಲ್ಲ.

ಅಷ್ಟರಲ್ಲಿ ಆ ಕಡೆಯಿಂದ ಹೆಂಗಸಿನ ಧ್ವನಿ ಕೇಳಿಸಿತು. ಆಸ್ಪತ್ರೆಯ ಕೌಂಟರಿನವಳಿರಬೇಕು. ಏನು ವಿಷಯ ಎಂದು ಮರಾಠಿಯಲ್ಲಿ ವಿಚಾರಿಸಿದಳು. ಶಂಕರೆಪ್ಪನವರು ಏನೋ ಗೊಣಗಿದರು. "ಅಯ್ಯಾ, ಉಖಾಣಾ!" ಎಂದು ಅವಳು ನಕ್ಕಳು. "ಆಜೋಬಾ, ನಾವ ಘ್ಯಾ ನಾ!" ಹೆಂಡತಿಯ ಹೆಸರು ಹೇಳಿ ಅಜ್ಜ ಎಂದು. ಹಿಂದೆ ಇನ್ಯಾರೋ "ಘ್ಯಾ, ಘ್ಯಾ" ಎಂದರು. ಸಾಲಿನಲ್ಲಿ ಕಾಯುತ್ತಿದ್ದ ರೋಗಿಗಳೇ ಇರಬೇಕು, ಮೂರುನಾಲ್ಕು ಧ್ವನಿ ಸೇರಿತು. ಮೂವತ್ತು ಚಿಲ್ಲರೆ ವರ್ಷದ ಹಿಂದೆ ನಾದಿನಿಯರಿಂದ ಆಗದ ಕೆಲಸವನ್ನು ಕೈಕಾಲು ಮುರಿದುಕೊಂಡ ಅಪರಿಚಿತರು ಹಿಡಿದಿದ್ದರು.

ಅವರು ಗಂಟಲು ಸರಿಮಾಡಿಕೊಂಡರು.

"ಕಿಸೆದಾಗಿನ ಕಾರ್ಡ ಹೋತು, ಬಾಯಾಗಿನ ಹಲ್ಲ ಹೋತು, ಕೈಯಾಗಿಂದ ಹೋತು ಫೋನ," ಎಂದು ನಿಲ್ಲಿಸಿದರು. ಉಸಿರು ಎಳೆದುಕೊಂಡದ್ದು ಕೇಳಿಸಿತು. "ಕಲ್ಲವ್ವ ಒಬ್ಬಾಕಿ ಉಳದಾಳಂದ್ರ, ಇನ್ನ ಬೇಕ ನನಗ ಏನ?"

ಅಲ್ಲಿ ಚಪ್ಪಾಳೆ ಬಿತ್ತು. ಕನ್ನಡ ತಿಳಿಯದವರೇ ಹೊಡೆದಿರಬೇಕು, ತಿಳಿದವರು ನಾವಿಬ್ಬರೂ ಸುಮ್ಮನೆ ಕೂತಿದ್ದೆವು. ನನ್ನ ಕಣ್ಣು ತುಂಬಿ ಘರಘಂಟಿ ಎರಡಾಗಿ ಕಾಣಿಸುತ್ತಿತ್ತು. ಕಲ್ಲವ್ವ ಹಿಟ್ಟಿನ ಕೈಯಿಂದಲೇ ಮುಖ ಒರೆಸಿಕೊಂಡು, ಫೋನನ್ನು ಬಾಯಿಯ ಹತ್ತಿರ ತಂದಳು.

"ಸರಿ ಕೇಳಸಲಿಲ್ಲ ನೋಡ್ರಿ," ಎಂದಳು. "ಇನ್ನೊಮ್ಮೆ ಹೇಳ್ರಿ."

ಅವರು ಇನ್ನೊಮ್ಮೆ ಹೇಳಿದರು.

ಅಷ್ಟಾದರೂ ಅವಳು ಫೋನು ಕೊಟ್ಟ ಆ ಒಳ್ಳೆಯ ಮನುಷ್ಯನ ನಂಬರಿಗೆ ದುಡ್ಡು ಕಳಿಸಲಿಲ್ಲ. ಕೌಂಟರಿನವಳನ್ನು ಕರೆದು ಆಸ್ಪತ್ರೆಯ ನಂಬರು ಕೇಳಿ, ಮೊದಲು ಒಂದು ರೂಪಾಯಿ ಕಳಿಸಿದಳು. ಕಲ್ಲವ್ವ ಎಂಬ ಹೆಸರಿನಿಂದ ಬಂದಿದೆ ಎಂದು ಅವಳು ಓದಿ ಹೇಳಿದ ಮೇಲೆ ಉಳಿದದ್ದನ್ನು ಹಾಕಿದಳು. ಆಮೇಲೆ ಸೀರೆ ಬದಲಿಸಿ, ಇಬ್ಬರೂ ರೈಲು ಹತ್ತಿದೆವು. ಹೆಂಗಸರ ಡಬ್ಬಿಯಲ್ಲಿ ಮುಂಬ್ರಾ ದಾಟಿದ ಮೇಲೆ ಅವಳು ನನ್ನ ಕಡೆ ಬಾಗಿ, "ಪ್ರಾಸ ಛಲೋ ಇತ್ತಲ್ರಿ?" ಎಂದಳು. ಛಲೋ ಇತ್ತು ಎಂದೆ.

ಆಸ್ಪತ್ರೆಯಲ್ಲಿ ಶಂಕರೆಪ್ಪನವರು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದರು. ಬಿದ್ದಾಗ ಎತ್ತಿ ಕೂರಿಸಲು ಹಲವರು ಬಂದಿದ್ದರಂತೆ. ಅವರಲ್ಲಿ ಯಾರೋ ಒಬ್ಬರು ಕಿಸೆಯನ್ನೂ ಎತ್ತಿದ್ದರು. ಬಾಯಿಪಾಠ ಇದ್ದದ್ದು ಒಂದೇ ನಂಬರು, ರೊಟ್ಟಿಯ ಪೊಟ್ಟಣದ್ದು. ಹೆಂಡತಿಯನ್ನು ನೋಡಿ ಅವರು ಎಂದಿನಂತೆ "ಏ" ಎಂದರು. ಅವಳು ಅವರ ಅಂಗಿಯ ಗುಂಡಿ ಸರಿಮಾಡಿ, ಕಾರ್ಡು ನಿಲ್ಲಿಸಲು ಬ್ಯಾಂಕಿಗೆ ಫೋನು ಹಚ್ಚಿಕೊಟ್ಟಳು. ಬ್ಯಾಂಕಿನವರು ಹೆಸರು ಕೇಳಿದಾಗ ಈ ಸಲ ಅವರೇ ಹೇಳಿದರು.

ಕೆಲವು ದಿನಗಳ ಮೇಲೆ ಹೊಸ ಕಾರ್ಡು ಅಂಚೆಯಲ್ಲಿ ಬಂತು. ನಾನು ಆಗಲೂ ಅಲ್ಲಿದ್ದೆ, ಅವಳ ಅಡುಗೆಮನೆಯಲ್ಲಿ, ಮೆಂತ್ಯದ ಸೊಪ್ಪು ಬಿಡಿಸುತ್ತ. ಶಂಕರೆಪ್ಪನವರು ಎಡಗೈಯಿಂದ ಲಕೋಟೆ ಹಿಡಿದು, ಹಲ್ಲಿನಿಂದ ಹರಿಯಲು ನೋಡಿ, ಹಲ್ಲಿಲ್ಲದ್ದು ನೆನಪಾಗಿ, ಹಾಗೆಯೇ ತಂದು ಕಲ್ಲವ್ವನ ಮುಂದೆ ರೊಟ್ಟಿ ಬಡಿಯುವ ಕೊಣಮಿಗೆಯ ಪಕ್ಕದಲ್ಲಿ ಇಟ್ಟರು. "ಕಪಾಟದಾಗ ಇಡು," ಎಂದರು.

ಕಲ್ಲವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಕೈಯಲ್ಲಿದ್ದುದನ್ನು ಹೆಂಚಿಗೆ ಹಾಕಿ, ನೀರು ಸವರಿ, ಕೈ ತೊಳೆದು, ಸೆರಗಿನಿಂದ ಒರೆಸಿಕೊಂಡು, ಸೊಂಟದ ಕೀಲಿಕೈ ಬಿಚ್ಚಿದಳು. ಲಕೋಟೆಯನ್ನು ಕಪಾಟಿನೊಳಗೆ ಸೀರೆಗಳ ಕೆಳಗೆ ಇಟ್ಟು ಬಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಸೊಪ್ಪನ್ನು ಬಿಟ್ಟು ದಂಟನ್ನು ಪಾತ್ರೆಗೆ ಹಾಕುತ್ತಿದ್ದೆ.

"ಪಿನ್ ನಂಬರ?" ಎಂದಳು ಗಂಡನಿಗೆ.

ಶಂಕರೆಪ್ಪನವರು ಬಾಯಿ ತೆರೆದರು. ಆಮೇಲೆ ನನ್ನನ್ನು ನೋಡಿದರು. ಕಲ್ಲವ್ವನೂ ನೋಡಿದಳು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲದ ನೆರೆಯವಳು ನಾನು. ಇವಳ ಬಾಣಂತನ ಮಾಡಿದವಳು, ಠಾಣೆಗೆ ಹೋದವಳು, ಆಸ್ಪತ್ರೆಗೆ ಓಡಿದವಳು.

"ಅಕ್ಕಾರ," ಎಂದಳು ಕಲ್ಲವ್ವ, ಬಹಳ ಮರ್ಯಾದೆಯಿಂದ, "ನೀವೊಂದೀಟ ಹೊರಗ ನಿಂದರ್ರಿ."

ನಾನು ಸೊಪ್ಪು ಬಿಟ್ಟು ಎದ್ದು ಹೊರಗೆ ಬಂದೆ. ಒಳಗಿನಿಂದ ಚಿಲಕ ಹಾಕಿಕೊಂಡರು.